ಚೌಕ ಅಡಿಕೆಯ ಮೇಲೆ ಕೂರದಿದ್ದರೆ: ಫೋಟೋದಲ್ಲಿ ವಸ್ತುವಿನ ಜಾಗ ಹುಡುಕುವ ಸಾಫ್ಟ್‌ವೇರ್‌ಗೆ ದೋಷ ನಿವಾರಣೆ ಕೈಪಿಡಿ

ಶಿರಸಿ ಕಡೆಯ ಒಂದು ಅಡಿಕೆ ಮನೆ ಅಂದುಕೊಳ್ಳಿ. ಟೇಬಲ್ ಮೇಲೆ ಸುಲಿದ ಚಾಲಿ, ಅಂದರೆ ಬಿಸಿಲಿಗೆ ಒಣಗಿಸಿದ ಅಡಿಕೆ ಹರಡಿದ್ದೀರಿ. ಮೇಲೆ ಕ್ಯಾಮೆರಾ ಇದೆ. ಸಾಫ್ಟ್‌ವೇರ್ ಒಂದೊಂದು ಅಡಿಕೆಯನ್ನೂ ಹುಡುಕಿ ಅದರ ಸುತ್ತ ಚೌಕ ಬರೆಯಬೇಕು. ಆಮೇಲೆ ದರ್ಜೆ ನೋಡಿ ಒಳ್ಳೆಯ ಚಾಲಿ ಯಾವುದು, ಕೋಕಾ ಯಾವುದು, ಬಿಳಿಗೋಟು ಯಾವುದು ಅಂತ ಬೇರೆ ಮಾಡಬೇಕು. ಗುರುತು ಹಾಕಿದ ಫೋಟೋಗಳಿಂದ ಕಲಿತು, ಅಡಿಕೆ ಎಲ್ಲಿದೆ ಅಂತ ಹೇಳುವ ಅದರ ಭಾಗಕ್ಕೆ ಮಾಡೆಲ್ ಅನ್ನುತ್ತಾರೆ. ಚೌಕಗಳೇನೋ ಬರುತ್ತಿವೆ. ಆದರೆ ಅಡಿಕೆ ಒಂದು ಕಡೆ, ಚೌಕ ಇನ್ನೊಂದು ಕಡೆ. ಇಲ್ಲವೇ ಎರಡು ಅಡಿಕೆಗೆ ಒಂದೇ ಚೌಕ. ಇಲ್ಲವೇ ಅರ್ಧ ಟೇಬಲ್‌ನಲ್ಲಿ ಚೌಕವೇ ಇಲ್ಲ.

ಹೀಗಾದಾಗ ಮೊದಲು ಬರುವ ಮಾತು, "ಮಾಡೆಲ್ ಸರಿ ಕಲಿತಿಲ್ಲ, ಇನ್ನೊಂದಷ್ಟು ಫೋಟೋ ಹಾಕೋಣ." ದಯವಿಟ್ಟು ಆ ಕೆಲಸಕ್ಕೆ ಈಗಲೇ ಕೂರಬೇಡಿ. ಸಾವಿರಾರು ಅಡಿಕೆಗೆ ಕೈಯಿಂದ ಗುರುತು ಹಾಕುವುದು ಬೆನ್ನು ಮುರಿಯುವ ಕೆಲಸ. ಅಷ್ಟು ಮಾಡಿದ ಮೇಲೂ ಚೌಕ ಅದೇ ತಪ್ಪು ಜಾಗದಲ್ಲಿ ಕೂತರೆ ಮನಸ್ಸು ಕೆಡುತ್ತದೆ. ಜಾಗ ತಪ್ಪುವ ದೋಷ ಎಷ್ಟೋ ಸಲ ಮಾಡೆಲ್‌ನ ಒಳಗೆ ಇರುವುದೇ ಇಲ್ಲ. ಫೋಟೋ ಮಾಡೆಲ್‌ಗೆ ಹೋಗುವ ದಾರಿಯಲ್ಲಿ ಇರುತ್ತದೆ, ಅಥವಾ ಉತ್ತರ ವಾಪಸ್ ಬರುವ ದಾರಿಯಲ್ಲಿ ಇರುತ್ತದೆ. ಚೌಕ ಹೇಗೆ ತಪ್ಪಿದೆ ಅಂತ ಗಮನವಿಟ್ಟು ನೋಡಿ. ಎತ್ತ ಸರಿದಿದೆ, ಎಷ್ಟು ಸರಿದಿದೆ, ಎಲ್ಲ ಕಡೆ ಒಂದೇ ಥರ ಸರಿದಿದೆಯಾ ಅನ್ನುವುದರಲ್ಲೇ ದೋಷದ ವಿಳಾಸ ಇದೆ.

ಮಾಡೆಲ್ ಬದಿಗಿಟ್ಟು ಶುರು ಮಾಡಿ

ಮೊದಲ ಪರೀಕ್ಷೆಗೆ ಮಾಡೆಲ್ ಬೇಕಾಗಿಲ್ಲ. ತರಬೇತಿಗೆ ನೀವು ಕೈಯಿಂದ ಹಾಕಿದ ಗುರುತುಗಳಿವೆಯಲ್ಲ, ಅವನ್ನೇ ಫೋಟೋ ಮೇಲೆ ಬರೆದು ನೋಡಿ. ಗುರುತು ಹಾಕಿದ ಸಾಫ್ಟ್‌ವೇರ್‌ನಲ್ಲಿ ತೆರೆದು ನೋಡಿದರೆ ಉಪಯೋಗವಿಲ್ಲ, ಅಲ್ಲಿ ಅದು ಸರಿಯಾಗೇ ಕಾಣುತ್ತದೆ. ತರಬೇತಿಯ ಪ್ರೋಗ್ರಾಮ್ ಫೋಟೋವನ್ನು ಹೇಗೆ ಓದುತ್ತದೋ ಹಾಗೇ ಓದಿ, ಹಿಗ್ಗಿಸಿ ಕುಗ್ಗಿಸಿ, ಮಾಡೆಲ್ ಬಾಯಿಗೆ ಹೋಗುವ ಕೊನೆಯ ಕ್ಷಣದ ಚಿತ್ರದ ಮೇಲೆ ಚೌಕ ಬರೆಯಬೇಕು. ಇಲ್ಲೇ ಚೌಕ ತಪ್ಪಿದ್ದರೆ ಮಾಡೆಲ್ ತಪ್ಪನ್ನೇ ಕಲಿತಿದೆ. ಅದನ್ನು ಬೈದು ಪ್ರಯೋಜನವಿಲ್ಲ.

ಫೋಟೋವನ್ನು ಎಡ-ಬಲ ತಿರುಗಿಸಿ ಸಂಖ್ಯೆ ಹೆಚ್ಚಿಸುವ ರೂಢಿ ಇದೆ. ಚಿತ್ರ ತಿರುಗಿ, ಚೌಕ ತಿರುಗದೆ ಉಳಿದರೆ ಅದು ಇಲ್ಲೇ ಕಣ್ಣಿಗೆ ಬೀಳುತ್ತದೆ. ಫೋಟೋದ ಹೆಸರಿಗೂ ಗುರುತಿನ ಫೈಲ್‌ನ ಹೆಸರಿಗೂ ಒಂದು ಅಕ್ಷರ ವ್ಯತ್ಯಾಸವಿದ್ದರೂ ಕಷ್ಟ. ಯೋಲೋ (ವಸ್ತು ಹುಡುಕಲು ತುಂಬ ಬಳಕೆಯಲ್ಲಿರುವ ಮಾಡೆಲ್) ಥರದ ಪ್ರೋಗ್ರಾಮ್‌ಗಳಲ್ಲಿ ಗುರುತಿನ ಫೈಲ್ ಸಿಗದ ಫೋಟೋವನ್ನು "ಇದರಲ್ಲಿ ಏನೂ ಇಲ್ಲ" ಅಂತ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಟೇಬಲ್ ತುಂಬ ಅಡಿಕೆ ಇರುವ ಫೋಟೋ ತೋರಿಸಿ, ಇಲ್ಲಿ ಅಡಿಕೆಯೇ ಇಲ್ಲ ಅಂತ ಕಲಿಸಿದ ಹಾಗಾಗುತ್ತದೆ.

ಎರಡನೆಯ ಪರೀಕ್ಷೆ ನನಗೆ ಇನ್ನೂ ಇಷ್ಟ. ಪೂರ್ತಿ ಕಪ್ಪಾದ 4000 ಅಗಲ, 3000 ಎತ್ತರದ ಒಂದು ಚಿತ್ರ ಮಾಡಿ. ಅದರಲ್ಲಿ ಎಡದಿಂದ 1000, ಮೇಲಿನಿಂದ 500 ಪಿಕ್ಸೆಲ್ ದೂರದಲ್ಲಿ 200 ಪಿಕ್ಸೆಲ್‌ನ ಬಿಳಿ ಚೌಕ ತುಂಬಿ. ಈ ಚಿತ್ರವನ್ನು ನಿಮ್ಮ ಪ್ರೋಗ್ರಾಮ್‌ನ ಕುಗ್ಗಿಸುವ ಹಂತಕ್ಕೆ ಕಳಿಸಿ. ಕುಗ್ಗಿದ ಚಿತ್ರದಲ್ಲಿ ಬಿಳಿ ಚೌಕ ಎಲ್ಲಿದೆ ಅಂತ ಅಳೆದು, ಆ ಅಂಕಿಗಳನ್ನು ಮಾಡೆಲ್ ಕೊಟ್ಟ ಉತ್ತರ ಅಂತಲೇ ವಾಪಸ್ ಕಳಿಸಿ. ಹೊರಗೆ ಬರುವಾಗ ಮತ್ತೆ 1000, 500, 200 ಬರಬೇಕು. ಒಂದೆರಡು ಪಿಕ್ಸೆಲ್ ಆಚೀಚೆ ಆದರೆ ಪರವಾಗಿಲ್ಲ. ಬೇರೇನೋ ಬಂದರೆ ದೋಷ ಲೆಕ್ಕದಲ್ಲಿದೆ. ಚೌಕವನ್ನು ಚಿತ್ರದ ನಾಲ್ಕು ಮೂಲೆಗೂ ಒಮ್ಮೊಮ್ಮೆ ಇಟ್ಟು ನೋಡಿ. ಬರೀ ಮಧ್ಯದಲ್ಲಿ ಇಟ್ಟು ನೋಡಿದರೆ ಕೆಲವು ತಪ್ಪು ಅಡಗಿಕೊಳ್ಳುತ್ತವೆ. ಯಾಕೆ ಅಂತ ಮುಂದೆ ಬರುತ್ತದೆ.

ಎಲ್ಲ ಚೌಕಗಳೂ ಸರಿದಿವೆ

ಚೌಕದ ಜಾಗ ಬರೆಯಲು ಮುಖ್ಯವಾಗಿ ಮೂರು ರೂಢಿಗಳಿವೆ. ಇವುಗಳಲ್ಲಿ ಪ್ಯಾಸ್ಕಲ್ ವಿಒಸಿ, ಕೊಕೊ ಅನ್ನುವವು ಗುರುತು ಹಾಕಿದ ಫೋಟೋಗಳ ಹೆಸರಾಂತ ಸಂಗ್ರಹಗಳು. ಪ್ಯಾಸ್ಕಲ್ ವಿಒಸಿ ರೂಢಿಯಲ್ಲಿ ಎಡ-ಮೇಲಿನ ಮೂಲೆ ಮತ್ತು ಬಲ-ಕೆಳಗಿನ ಮೂಲೆ. ಕೊಕೊ ರೂಢಿಯಲ್ಲಿ ಎಡ-ಮೇಲಿನ ಮೂಲೆ, ಆಮೇಲೆ ಅಗಲ ಮತ್ತು ಎತ್ತರ. ಈ ಎರಡರಲ್ಲೂ ಅಂಕಿ ಪಿಕ್ಸೆಲ್ ಲೆಕ್ಕದಲ್ಲಿ ಇರುತ್ತದೆ. ಯೋಲೋ ರೂಢಿಯಲ್ಲಿ ಚೌಕದ ನಡುಬಿಂದು, ಅಗಲ ಮತ್ತು ಎತ್ತರ. ಅದೂ ಚಿತ್ರದ ಅಗಲ-ಎತ್ತರದಲ್ಲಿ 0 ಮತ್ತು 1ರ ನಡುವಿನ ಪಾಲಾಗಿ. ಮೂರರಲ್ಲೂ ಇರುವುದು ನಾಲ್ಕೇ ಅಂಕಿ. ಒಂದರ ಬದಲು ಇನ್ನೊಂದು ಕೊಟ್ಟರೆ ಪ್ರೋಗ್ರಾಮ್ ತಕರಾರು ಮಾಡುವುದಿಲ್ಲ, ಸುಮ್ನೆ ತಪ್ಪು ಜಾಗದಲ್ಲಿ ಬರೆದುಬಿಡುತ್ತದೆ.

ಇದರ ಗುರುತು ಹಿಡಿಯುವುದು ಸುಲಭ. ಪ್ರತಿ ಚೌಕದ ಎಡ-ಮೇಲಿನ ಮೂಲೆ ಅಡಿಕೆಯ ನಟ್ಟನಡುವೆ ಕೂತಿದೆಯಾ? ಹಾಗಾದರೆ ನಡುಬಿಂದುವನ್ನು ಮೂಲೆ ಅಂತ ಓದಿದ್ದೀರಿ. ಬಲ-ಕೆಳಗಿನ ಮೂಲೆ ಅಡಿಕೆಯ ನಡುವೆ ಇದ್ದರೆ ಉಲ್ಟಾ ಆಗಿದೆ. ಈ ದೋಷದಲ್ಲಿ ದೊಡ್ಡ ಚೌಕ ಜಾಸ್ತಿ ಸರಿಯುತ್ತದೆ, ಸಣ್ಣ ಚೌಕ ಕಡಿಮೆ ಸರಿಯುತ್ತದೆ, ಯಾವಾಗಲೂ ಅದರ ಅಳತೆಯ ಅರ್ಧದಷ್ಟು. ಇನ್ನು ಚೌಕಗಳ ಒಂದು ಮೂಲೆ ಮಾತ್ರ ಅಡಿಕೆಯ ಹತ್ತಿರ ಸರಿಯಾಗಿದ್ದು, ಇನ್ನೊಂದು ಮೂಲೆ ಎಲ್ಲದಕ್ಕೂ ಚಿತ್ರದ ಎಡ-ಮೇಲಿನ ತುದಿಗೆ ಹೋಗಿ ಸೇರುತ್ತಿದ್ದರೆ, ಅಗಲ-ಎತ್ತರವನ್ನು ಎರಡನೆಯ ಮೂಲೆ ಅಂತ ಓದಲಾಗಿದೆ.

ಚೌಕಗಳ ಜೋಡಣೆಯೇ ಅಡ್ಡ-ಉದ್ದ ಅದಲು ಬದಲಾಗಿ ಕಂಡರೆ ಅಂಕಿಗಳ ಕ್ರಮ ನೋಡಿ. ಪೈಥಾನ್ ಭಾಷೆಯ ನಂಪೈ ಲೈಬ್ರರಿಯಲ್ಲಿ ಚಿತ್ರದ ಅಳತೆ ಕೇಳಿದರೆ ಮೊದಲು ಎತ್ತರ ಹೇಳುತ್ತದೆ, ಆಮೇಲೆ ಅಗಲ. ಚೌಕ ಬರೆಯುವಾಗ ಮೊದಲು ಎಡದಿಂದ ಎಷ್ಟು, ಆಮೇಲೆ ಮೇಲಿನಿಂದ ಎಷ್ಟು ಅಂತ ಕೊಡಬೇಕು. ಶಾಲೆಯ ಗ್ರಾಫ್ ಪೇಪರ್‌ನಲ್ಲಿ ಮೇಲೆ ಹೋದಂತೆ ಅಂಕಿ ಏರುತ್ತದೆ, ಚಿತ್ರದಲ್ಲಿ ಕೆಳಗೆ ಹೋದಂತೆ ಏರುತ್ತದೆ ಅನ್ನುವುದೂ ನೆನಪಿರಲಿ.

ಈಗ ಎಲ್ಲಕ್ಕಿಂತ ಜಾಸ್ತಿ ತಲೆ ತಿನ್ನುವ ದೋಷಕ್ಕೆ ಬರೋಣ. ಮಾಡೆಲ್‌ಗಳು ಸಾಮಾನ್ಯವಾಗಿ 640 ಪಿಕ್ಸೆಲ್ ಅಗಲ, 640 ಎತ್ತರದ ಚಿತ್ರ ಕೇಳುತ್ತವೆ. ನಿಮ್ಮ ಫೋಟೋ 4000ಕ್ಕೆ 3000. ಅದನ್ನು 0.16 ಪಟ್ಟು ಕುಗ್ಗಿಸಿದರೆ 640ಕ್ಕೆ 480 ಆಗುತ್ತದೆ. ಉಳಿದ 160 ಪಿಕ್ಸೆಲ್ ಎತ್ತರಕ್ಕೆ ಮೇಲೆ 80, ಕೆಳಗೆ 80 ಬೂದು ಪಟ್ಟಿ ಸೇರಿಸುತ್ತಾರೆ. ಇದಕ್ಕೆ ಲೆಟರ್‌ಬಾಕ್ಸ್ ಅನ್ನುತ್ತಾರೆ. ಮಾಡೆಲ್ ಕೊಡುವ ಉತ್ತರ ಈ ಪಟ್ಟಿ ಸೇರಿದ ಚಿತ್ರದ ಲೆಕ್ಕದಲ್ಲಿರುತ್ತದೆ. ವಾಪಸ್ ತರುವಾಗ ಮೊದಲು ಮೇಲಿನಿಂದ 80 ಕಳೆಯಬೇಕು, ಆಮೇಲೆ 0.16ರಿಂದ ಭಾಗಿಸಬೇಕು.

80 ಕಳೆಯುವುದು ಬಿಟ್ಟುಹೋಗಿ ಬರೀ ಭಾಗಿಸಿದರೆ, ಎಲ್ಲ ಚೌಕಗಳೂ ಮೂಲ ಫೋಟೋದಲ್ಲಿ ಸರಿಯಾಗಿ 500 ಪಿಕ್ಸೆಲ್ ಕೆಳಗೆ ಇಳಿಯುತ್ತವೆ. ಎಲ್ಲ ಕಡೆ ಒಂದೇ ಅಳತೆ ಸರಿಯುವುದರಿಂದ ಇದು ಬೇಗ ಸಿಕ್ಕಿಬೀಳುತ್ತದೆ. ಪಟ್ಟಿ ಇರುವುದೇ ಗೊತ್ತಿಲ್ಲದೆ ಎತ್ತರವನ್ನು 3000 ಭಾಗಿಸು 640 ಅಂತ ಹಿಗ್ಗಿಸಿದಾಗ ಆಗುವ ತಪ್ಪು ಹೆಚ್ಚು ಮೋಸದ್ದು. ಆಗ ಟೇಬಲ್‌ನ ನಡುಸಾಲಿನ ಅಡಿಕೆಗಳ ಮೇಲೆ ಚೌಕ ಸರಿಯಾಗಿ ಕೂರುತ್ತದೆ. ಮೇಲಿನ ಅಂಚಿನ ಚೌಕಗಳು 375 ಪಿಕ್ಸೆಲ್‌ವರೆಗೆ ಕೆಳಗೆ ಸರಿಯುತ್ತವೆ, ಕೆಳಗಿನ ಅಂಚಿನವು ಅಷ್ಟೇ ಮೇಲೆ ಬರುತ್ತವೆ. ಎಡ-ಬಲದಲ್ಲಿ ಮಾತ್ರ ಏನೂ ತಪ್ಪಿರುವುದಿಲ್ಲ. ನಡುವಿನ ನಾಲ್ಕು ಅಡಿಕೆ ನೋಡಿ "ಹೆಚ್ಚುಕಡಿಮೆ ಸರಿ ಇದೆ" ಅಂದವರು ಇದನ್ನು ಮಾಡೆಲ್‌ನ ದೌರ್ಬಲ್ಯ ಅಂತ ತಿಳಿಯುತ್ತಾರೆ. ಬಿಳಿ ಚೌಕವನ್ನು ಮೂಲೆಗಳಲ್ಲೂ ಇಟ್ಟು ನೋಡಿ ಅಂದಿದ್ದು ಇದಕ್ಕೇ. ಚೌಕಗಳೆಲ್ಲ ನಡುವಿನ ಕಡೆಗೆ ಒತ್ತಿಕೊಂಡ ಹಾಗೆ ಕಂಡರೆ ಮೊದಲ ಅನುಮಾನ ಲೆಟರ್‌ಬಾಕ್ಸ್ ಮೇಲಿರಲಿ.

ನಿಲ್ಲಿಸಿ ತೆಗೆದ ಫೋಟೋದಲ್ಲಿ ಮಾತ್ರ ತಪ್ಪುತ್ತದೆ

ಕ್ಯಾಮೆರಾ ಬದಲು ಮೊಬೈಲ್ ಬಳಸುವವರಿಗೆ ಇದು ಬರುತ್ತದೆ. ಮೊಬೈಲ್ ಅಡ್ಡ ಹಿಡಿದು ತೆಗೆದ ಫೋಟೋಗಳೆಲ್ಲ ಸರಿ. ನಿಲ್ಲಿಸಿ ತೆಗೆದವುಗಳಲ್ಲಿ ಚೌಕಗಳು ಎಲ್ಲೆಲ್ಲೋ. ಕಾರಣ ಎಕ್ಸಿಫ್, ಅಂದರೆ ಫೋಟೋ ಫೈಲ್‌ನ ಒಳಗೆ ಕ್ಯಾಮೆರಾ ಬರೆದಿಡುವ ಮಾಹಿತಿ. ಫೋನ್ ನಿಲ್ಲಿಸಿ ಹಿಡಿದಾಗಲೂ ಎಷ್ಟೋ ಫೋನ್‌ಗಳು ಚಿತ್ರವನ್ನು ಅಡ್ಡಲಾಗಿಯೇ ಬರೆದಿಡುತ್ತವೆ. ಜೊತೆಗೆ "ತೋರಿಸುವಾಗ ಇಷ್ಟು ತಿರುಗಿಸಿ" ಅಂತ ಎಕ್ಸಿಫ್‌ನಲ್ಲಿ 1ರಿಂದ 8ರವರೆಗಿನ ಒಂದು ಅಂಕಿ ಸೇರಿಸುತ್ತವೆ. 1 ಅಂದರೆ ಇದ್ದ ಹಾಗೇ, 6 ಅಂದರೆ ಗಡಿಯಾರದ ದಿಕ್ಕಿಗೆ 90 ಡಿಗ್ರಿ ತಿರುಗಿಸಬೇಕು.

ಈ ಅಂಕಿಯನ್ನು ಕೆಲವರು ಓದುತ್ತಾರೆ, ಕೆಲವರು ಓದುವುದಿಲ್ಲ. ಬ್ರೌಸರ್ ಓದಿ ತಿರುಗಿಸುತ್ತದೆ. ಓಪನ್‌ಸಿವಿ, ಪಿಲ್ಲೋ ಎರಡೂ ಪ್ರೋಗ್ರಾಮ್‌ನಲ್ಲಿ ಚಿತ್ರ ಓದಲು ಬಳಸುವ ಲೈಬ್ರರಿಗಳು. ಓಪನ್‌ಸಿವಿಯಲ್ಲಿ ಚಿತ್ರ ತೆರೆಯುವ ಇಮ್‌ರೀಡ್ ಮಾಮೂಲಿ ರೀತಿಯಲ್ಲಿ ತಿರುಗಿಸುತ್ತದೆ, ಆದರೆ "ಇದ್ದ ಹಾಗೇ ಓದು" ಅಂತ ಹೇಳಿದರೆ ತಿರುಗಿಸುವುದಿಲ್ಲ. ಪಿಲ್ಲೋದಲ್ಲಿ ಸುಮ್ನೆ ತೆರೆದರೆ ತಿರುಗುವುದಿಲ್ಲ. ಅದಕ್ಕೆ ಎಕ್ಸಿಫ್-ಟ್ರಾನ್ಸ್‌ಪೋಸ್ ಅನ್ನುವ ಪ್ರತ್ಯೇಕ ಹೆಜ್ಜೆ ಇದೆ. ಈಗ ನೋಡಿ, ಬ್ರೌಸರ್‌ನಲ್ಲಿ ಗುರುತು ಹಾಕಿ, ಪಿಲ್ಲೋದಲ್ಲಿ ತರಬೇತಿ ಮಾಡಿ, ಓಪನ್‌ಸಿವಿಯಲ್ಲಿ ಓಡಿಸಿದರೆ ಒಂದೇ ಫೋಟೋವನ್ನು ಇಬ್ಬರು ಒಂದು ಕಡೆಯಿಂದ, ನಡುವಿನವರು ಇನ್ನೊಂದು ಕಡೆಯಿಂದ ನೋಡಿದ ಹಾಗಾಗುತ್ತದೆ, ಅಲ್ವಾ?

ಪರಿಹಾರ ಸರಳ. ಗುರುತು ಹಾಕುವ ಮೊದಲೇ ಎಲ್ಲ ಫೋಟೋಗಳನ್ನೂ ನಿಜವಾಗಿ ತಿರುಗಿಸಿ, ಎಕ್ಸಿಫ್ ಅಂಕಿ ತೆಗೆದು, ಹೊಸದಾಗಿ ಉಳಿಸಿಕೊಳ್ಳಿ. ಆಮೇಲೆ ಎಲ್ಲ ಕಡೆ ಆ ಪ್ರತಿಯನ್ನೇ ಬಳಸಿ.

ಇದರ ತಮ್ಮ ಇನ್ನೊಂದಿದೆ. ತೋಟದ ಮನೆಯಿಂದ ಫೋಟೋಗಳು ಬರುವುದು ವಾಟ್ಸಾಪ್‌ನಲ್ಲಿ. ಫೋಟೋ ಅಂತ ಕಳಿಸಿದರೆ ವಾಟ್ಸಾಪ್ ಅದನ್ನು ಚಿಕ್ಕದು ಮಾಡಿ, ಒತ್ತಿ, ಎಕ್ಸಿಫ್ ತೆಗೆದು ಕಳಿಸುತ್ತದೆ. ಮೂಲ ಫೋಟೋ ಮೇಲೆ ಪಿಕ್ಸೆಲ್ ಲೆಕ್ಕದಲ್ಲಿ ಹಾಕಿದ ಗುರುತು ಈ ಚಿಕ್ಕ ಪ್ರತಿಗೆ ಹೊಂದುವುದಿಲ್ಲ. ಚೌಕಗಳೆಲ್ಲ ಬಲಕ್ಕೂ ಕೆಳಕ್ಕೂ ದೂರ ಹೋಗಿ ಚಿತ್ರದ ಆಚೆಗೇ ಬೀಳುತ್ತಿದ್ದರೆ ಎರಡೂ ಫೈಲ್‌ಗಳ ಅಳತೆ ಹೋಲಿಸಿ. ಕಳಿಸುವವರಿಗೆ ಡಾಕ್ಯುಮೆಂಟ್ ಅಂತ ಕಳಿಸಲು ಹೇಳಿ. ಆಗ ಫೈಲ್ ಇದ್ದ ಹಾಗೇ ಬರುತ್ತದೆ.

ಅಡಿಕೆ ಇದೆ, ಚೌಕ ಇಲ್ಲ

ಇಲ್ಲಿ ಮೊದಲು ಒಂದು ಅಂಕಿ ನೋಡಿ. ಸಿಕ್ಕ ಅಡಿಕೆಗಳ ಲೆಕ್ಕ ಪ್ರತಿ ಫೋಟೋಗೂ ಸರಿಯಾಗಿ 300ಕ್ಕೆ ನಿಲ್ಲುತ್ತಿದೆಯಾ? ಅಥವಾ 100ಕ್ಕೆ? ಹಾಗಿದ್ದರೆ ಮಾಡೆಲ್ ಎಲ್ಲ ಅಡಿಕೆಯನ್ನೂ ನೋಡಿರಬಹುದು, ಹೇಳಲು ಬಿಟ್ಟಿಲ್ಲ ಅಷ್ಟೇ. ಅಲ್ಟ್ರಾಲಿಟಿಕ್ಸ್ ಕಂಪನಿಯ ಯೋಲೋದಲ್ಲಿ ಒಂದು ಚಿತ್ರಕ್ಕೆ ಗರಿಷ್ಠ 300 ಚೌಕ ಅನ್ನುವ ಮಿತಿ ಮೊದಲೇ ಇರುತ್ತದೆ. ಟಾರ್ಚ್‌ವಿಷನ್ ಲೈಬ್ರರಿಯಲ್ಲಿ ಸಿಗುವ ಫಾಸ್ಟರ್ ಆರ್‌ಸಿಎನ್ಎನ್ ಅನ್ನುವ ಮಾಡೆಲ್‌ನಲ್ಲಿ 100. ನಾಯಿ, ಕಾರು, ಮನುಷ್ಯರನ್ನು ಹುಡುಕುವವರಿಗೆ ಇದು ಧಾರಾಳ. ಚಾಲಿ ಹರಡಿದ ಟೇಬಲ್‌ಗೆ ಎಲ್ಲಿ ಸಾಲುತ್ತದೆ? ಸೆಟ್ಟಿಂಗ್‌ನಲ್ಲಿ ಆ ಅಂಕಿ ಏರಿಸಿ. ಇದು ಒಂದು ನಿಮಿಷದ ಕೆಲಸ. ಹಾಗಾಗಿ ಇದನ್ನೇ ಮೊದಲು ನೋಡಿಬಿಡಿ.

ಲೆಕ್ಕ ಹಾಗೆ ನಿಲ್ಲುತ್ತಿಲ್ಲವಾದರೆ ಅಡಿಕೆಯ ಗಾತ್ರ ನೋಡಿ. 4000 ಪಿಕ್ಸೆಲ್ ಅಗಲದ ಫೋಟೋದಲ್ಲಿ 60 ಪಿಕ್ಸೆಲ್ ಇರುವ ಅಡಿಕೆ, 640ಕ್ಕೆ ಕುಗ್ಗಿದಾಗ ಹತ್ತು ಪಿಕ್ಸೆಲ್‌ಗೂ ಕಡಿಮೆ ಆಗುತ್ತದೆ. ಕೊಕೊ ಮಾಪನದಲ್ಲಿ 32ಕ್ಕೆ 32ಕ್ಕಿಂತ ಕಡಿಮೆ ಇದ್ದರೆ ಅದು ಸಣ್ಣ ವಸ್ತು. ನೀವು ಅದರ ಮೂರನೇ ಒಂದು ಪಾಲಿನ ಅಗಲದಲ್ಲಿ ಹುಡುಕಿಸುತ್ತಿದ್ದೀರಿ. ಕುಗ್ಗಿದ ಚಿತ್ರವನ್ನು ನೀವೇ ಪರದೆಯಲ್ಲಿ ತೆರೆದು ನೋಡಿ. ನಿಮ್ಮ ಕಣ್ಣಿಗೇ ಚಾಲಿ, ಕೋಕಾ ವ್ಯತ್ಯಾಸ ಕಾಣದಿದ್ದರೆ ಮಾಡೆಲ್‌ಗೂ ಕಾಣುವುದಿಲ್ಲ.

ಕ್ಯಾಮೆರಾ ಹತ್ತಿರ ತರುವುದು ಮೊದಲ ದಾರಿ. ಆಗದಿದ್ದರೆ ಫೋಟೋವನ್ನು ತುಂಡು ಮಾಡಿ ಒಂದೊಂದೇ ತುಂಡು ಮಾಡೆಲ್‌ಗೆ ಕೊಡಿ. ತುಂಡುಗಳು ಒಂದರ ಮೇಲೊಂದು ಸ್ವಲ್ಪ ಹಾಯಬೇಕು, ಅತಿ ದೊಡ್ಡ ಅಡಿಕೆಗಿಂತ ಜಾಸ್ತಿಯೇ ಹಾಯಬೇಕು. ಇಲ್ಲದಿದ್ದರೆ ಗಡಿಯಲ್ಲಿ ಕೂತ ಅಡಿಕೆ ಎರಡೂ ಕಡೆ ಅರ್ಧರ್ಧವಾಗುತ್ತದೆ. ತುಂಡಿನಲ್ಲಿ ಸಿಕ್ಕ ಚೌಕಕ್ಕೆ ಆ ತುಂಡು ಶುರುವಾದ ಜಾಗದ ಅಂಕಿ ಕೂಡಿಸಬೇಕು. ಅದನ್ನು ಬಿಟ್ಟರೆ ಎಲ್ಲ ಚೌಕಗಳೂ ಫೋಟೋದ ಎಡ-ಮೇಲಿನ ಮೂಲೆಯಲ್ಲಿ ಗುಂಪಾಗಿ ಬೀಳುತ್ತವೆ. ನೋಡಿದ ಕೂಡಲೇ ಗೊತ್ತಾಗುವ ದೋಷ ಇದು.

ಇನ್ನು ಒಂದಕ್ಕೊಂದು ತಾಗಿದ ಅಡಿಕೆಗಳ ವಿಷಯ. ಒಂದೇ ವಸ್ತುವಿಗೆ ಮಾಡೆಲ್ ಹಲವು ಚೌಕ ಕೊಡುತ್ತದೆ. ಅವುಗಳಲ್ಲಿ ಜಾಸ್ತಿ ಭರವಸೆಯದ್ದನ್ನು ಉಳಿಸಿ, ಅದರ ಮೇಲೆ ಹೆಚ್ಚು ಹಾಯ್ದಿರುವ ಉಳಿದವನ್ನು ಅಳಿಸುವ ಹಂತಕ್ಕೆ ಎನ್‌ಎಂಎಸ್ ಅನ್ನುತ್ತಾರೆ. ಎಷ್ಟು ಹಾಯ್ದಿದೆ ಅಂತ ಅಳೆಯುವುದು ಐಒಯು. ಎರಡೂ ಚೌಕಕ್ಕೆ ಸೇರಿದ ಜಾಗವನ್ನು, ಎರಡೂ ಸೇರಿ ಆವರಿಸಿದ ಒಟ್ಟು ಜಾಗದಿಂದ ಭಾಗಿಸಿದರೆ ಬರುವ ಅಂಕಿ. ಅಕ್ಕಪಕ್ಕದ ಅಡಿಕೆಗಳಲ್ಲಿ ಒಂದು ಕಾಣೆಯಾದರೆ "ಎನ್‌ಎಂಎಸ್ ತಿಂದಿತು" ಅಂತ ತೀರ್ಮಾನ ಮಾಡುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ಒಂದೇ ಪದರದಲ್ಲಿ ಹರಡಿದ ಎರಡು ಗುಂಡನೆಯ ಅಡಿಕೆ ಓರೆಯಾಗಿ ತಾಗಿಕೊಂಡಿದ್ದರೂ, ಅವುಗಳ ಚೌಕಗಳ ಐಒಯು 0.05ರ ಒಳಗೇ ಇರುತ್ತದೆ. ಅಳಿಸುವ ಮಿತಿ ಸಾಮಾನ್ಯವಾಗಿ 0.45 ಅಥವಾ 0.7. ಅಂದರೆ ತಾಗಿಕೊಂಡ ಅಡಿಕೆಯನ್ನು ಎನ್‌ಎಂಎಸ್ ಮುಟ್ಟುವುದೂ ಇಲ್ಲ. ಅಡಿಕೆ ಒಂದರ ಮೇಲೊಂದು ಏರಿ ಕೂತಿದ್ದರೆ ಮಾತ್ರ ಆ ಅನುಮಾನ ಸರಿ.

ಖಚಿತ ಮಾಡಿಕೊಳ್ಳಲು ಎನ್‌ಎಂಎಸ್ ಮಿತಿಯನ್ನು 0.9ಕ್ಕೆ ಏರಿಸಿ. ಭರವಸೆಯ ಮಿತಿ ಯೋಲೋದಲ್ಲಿ ಮೊದಲೇ 0.25 ಇರುತ್ತದೆ, ಅದನ್ನು 0.05ಕ್ಕೆ ಇಳಿಸಿ. ಪರದೆ ಗಲೀಜಾಗುತ್ತದೆ, ಆಗಲಿ. ಕಾಣೆಯಾದ ಅಡಿಕೆಯ ಮೇಲೆ ಈಗ ಚೌಕ ಬಂತಾ? ಬಂದರೆ ಈ ಎರಡು ಮಿತಿಗಳಲ್ಲಿ ಒಂದು ಅದನ್ನು ಅಳಿಸುತ್ತಿತ್ತು. ಒಂದೊಂದನ್ನೇ ಹಿಂದಕ್ಕೆ ತಂದು ಯಾವುದು ಅಂತ ನೋಡಿ. ಈಗಲೂ ಬರದಿದ್ದರೆ ಮಾಡೆಲ್ ಅದನ್ನು ನೋಡೇ ಇಲ್ಲ. ಅಂಥ ಕಡೆ ತರಬೇತಿಯ ಗುರುತುಗಳನ್ನು ಮತ್ತೆ ನೋಡಿ. ಗುರುತು ಹಾಕುವಾಗ ರಾಶಿಯ ಅಂಚಿನ, ಅರ್ಧ ಮುಚ್ಚಿದ ಅಡಿಕೆಗಳನ್ನು ಕೈಬಿಟ್ಟಿದ್ದರೆ, ಇಬ್ಬರು ಗುರುತು ಹಾಕಿದ್ದು ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಸೇರಿಸಿದ್ದರೆ, ಮಾಡೆಲ್‌ಗೆ ಏನು ಮಾಡಬೇಕು ಅಂತ ತಿಳಿಯುವುದು ಹೇಗೆ? ಕೂತು ಒಂದು ನಿಯಮ ಬರೆದುಕೊಳ್ಳಿ. ಇಷ್ಟು ಪಾಲು ಕಂಡರೆ ಗುರುತು ಹಾಕಬೇಕು, ಅದಕ್ಕಿಂತ ಕಡಿಮೆಯಾದರೆ ಬೇಡ. ಅಡಿಕೆ ಆರಿಸುವ ಹೆಂಗಸರನ್ನು ಈ ಮಾತಿಗೆ ಜೊತೆಗೆ ಕೂರಿಸಿಕೊಳ್ಳಿ. ಕೋಕಾಕ್ಕೂ ಚಾಲಿಗೂ ಗೆರೆ ಎಲ್ಲಿ ಅನ್ನುವುದು ಅವರ ಕಣ್ಣಿಗೆ ಗೊತ್ತು, ಕಂಪ್ಯೂಟರ್ ಮುಂದೆ ಕೂತವರಿಗೆ ಗೊತ್ತಿರುವುದು ಕಡಿಮೆ.

ಬೈತಖೋಲ್‌ನಲ್ಲಿ ಕಟ್ಟಿದ ಬೋಟುಗಳು

ಅಡಿಕೆ ಗುಂಡಗಿರುವುದರಿಂದ ಎನ್‌ಎಂಎಸ್ ತೊಂದರೆ ಕೊಡುವುದಿಲ್ಲ. ಉದ್ದನೆಯ ವಸ್ತುವಿನ ಕಥೆಯೇ ಬೇರೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಕಾರವಾರದ ಬೈತಖೋಲ್ ಬಂದರಿನಲ್ಲಿ ಬೋಟುಗಳು ಪಕ್ಕಪಕ್ಕ ಒತ್ತಿ ನಿಲ್ಲುತ್ತವೆ. ಮೇಲಿನಿಂದ ತೆಗೆದ ಚಿತ್ರದಲ್ಲಿ ಬೋಟು ಎಣಿಸುವ ಸಾಫ್ಟ್‌ವೇರ್ ಮೀನುಗಾರಿಕೆಯ ದಿನಗಳಲ್ಲಿ ಸರಿ ಎಣಿಸಿ, ಇಂಥ ಹೊತ್ತಲ್ಲಿ ಕಡಿಮೆ ಹೇಳಿದರೆ ಆಶ್ಚರ್ಯ ಪಡಬೇಡಿ.

15 ಮೀಟರ್ ಉದ್ದ, 4 ಮೀಟರ್ ಅಗಲದ ಬೋಟು ಚಿತ್ರದಲ್ಲಿ 45 ಡಿಗ್ರಿ ಓರೆಯಾಗಿ ನಿಂತಿದೆ ಅಂದುಕೊಳ್ಳಿ. ಅದರ ಸುತ್ತ ನೆಟ್ಟಗಿನ ಚೌಕ ಬರೆದರೆ ಪ್ರತಿ ಬದಿ ಸುಮಾರು 13.4 ಮೀಟರ್ ಆಗುತ್ತದೆ. ಚೌಕದೊಳಗೆ ಬೋಟು ಮೂರನೇ ಒಂದು ಪಾಲು ಮಾತ್ರ. ಉಳಿದದ್ದೆಲ್ಲ ನೀರು ಮತ್ತು ಪಕ್ಕದ ಬೋಟು. ಪಕ್ಕಕ್ಕೆ ಅಂಟಿಕೊಂಡೇ ಅಂಥದ್ದೇ ಇನ್ನೊಂದು ಬೋಟು ಇದ್ದರೆ, ಎರಡೂ ಚೌಕಗಳ ಐಒಯು 0.45 ದಾಟುತ್ತದೆ. ಬೋಟುಗಳು ಒಂದರ ಮೇಲೊಂದು ಒಂದಿಂಚೂ ಹಾಯ್ದಿಲ್ಲ. ಆದರೂ 0.45 ಮಿತಿ ಇಟ್ಟ ಎನ್‌ಎಂಎಸ್ ಎರಡನೆಯದನ್ನು ಅಳಿಸುತ್ತದೆ. ಮಿತಿ ಏರಿಸಿದರೆ ಸ್ವಲ್ಪ ಸುಧಾರಿಸುತ್ತದೆ, ಆದರೆ ಒಂದೇ ಬೋಟಿಗೆ ಎರಡು ಚೌಕ ಬರಲು ಶುರುವಾಗುತ್ತದೆ. ಸರಿಯಾದ ದಾರಿ ಅಂದರೆ ಓರೆ ಚೌಕ. ನಾಲ್ಕು ಅಂಕಿಯ ಜೊತೆಗೆ ಕೋನವನ್ನೂ ಕಲಿಯುವ ಮಾಡೆಲ್‌ಗಳು ಈಗ ಸುಲಭವಾಗಿ ಸಿಗುತ್ತವೆ. ಗುರುತುಗಳನ್ನು ಮತ್ತೆ ಹಾಕಬೇಕಾಗುತ್ತದೆ. ಇಲ್ಲಿ ಆ ಶ್ರಮಕ್ಕೆ ಬೆಲೆ ಇದೆ.

ಕೊಕೊ ಸಂಗ್ರಹದ 80 ಬಗೆಯ ವಸ್ತುಗಳಲ್ಲಿ ದೋಣಿ ಇದೆ, ಅಡಿಕೆ ಇಲ್ಲ. ಹಾಗಾಗಿ ಸಿದ್ಧ ಮಾಡೆಲ್ ಇಳಿಸಿಕೊಂಡು ಬೋಟಿನ ಕೆಲಸ ಶುರು ಮಾಡಬಹುದು. ಆದರೆ ಅದರಲ್ಲಿರುವ ದೋಣಿ ಚಿತ್ರಗಳು ಹೆಚ್ಚಾಗಿ ದಡದಿಂದ, ಪಕ್ಕದಿಂದ ತೆಗೆದವು. ಆಕಾಶದಿಂದ ನೋಡಿದ ಬೋಟು ಅದಕ್ಕೆ ಅಪರಿಚಿತ. ಇನ್ನೊಂದು ಮಾತು, ಕಾರವಾರದಲ್ಲಿ ನೌಕಾನೆಲೆ ಇದೆ. ಡ್ರೋನ್ ಹಾರಿಸುವ ಯೋಚನೆ ಇದ್ದರೆ ಮೊದಲು ಅನುಮತಿ ವಿಚಾರಿಸಿ. ಕೇಳದೆ ಹಾರಿಸಬೇಡಿ.

ಬೆಳಕು, ಬಣ್ಣ, ಗೆರೆ

ಬಿಸಿಲಿನ ಅಂಗಳದಲ್ಲಿ ಕಲಿತ ಮಾಡೆಲ್ ಮಳೆಗಾಲದ ಮಬ್ಬಿನಲ್ಲಿ ತಡವರಿಸುತ್ತದೆ. ನೀಲಿ ತಾಡಪಾಲಿನ ಮೇಲಿನ ಅಡಿಕೆಗೂ ಸಿಮೆಂಟ್ ನೆಲದ ಮೇಲಿನ ಅಡಿಕೆಗೂ ಬಣ್ಣವೇ ಬೇರೆ ಕಾಣುತ್ತದೆ. ಹೊಸ ಫೋಟೋ ಸೇರಿಸುವ ಮಾತು ಸರಿಯಾಗುವುದು ಇಲ್ಲಿ. ಅಡಿಕೆ ಇಲ್ಲದ ಖಾಲಿ ತಾಡಪಾಲು, ಖಾಲಿ ಟೇಬಲ್, ನೆರಳು ಬಿದ್ದ ನೆಲದ ಚಿತ್ರಗಳನ್ನೂ ಸೇರಿಸಿ.

ಚೌಕ ಸರಿಯಾಗಿ ಕೂತಿದೆ, ಹೆಸರು ಮಾತ್ರ ತಪ್ಪು ಅಂತಾದರೆ ಬಣ್ಣದ ಕ್ರಮ ನೋಡಿ. ಓಪನ್‌ಸಿವಿ ನೀಲಿ, ಹಸಿರು, ಕೆಂಪು ಅನ್ನುವ ಕ್ರಮದಲ್ಲಿ ಓದುತ್ತದೆ. ಉಳಿದವು ಹೆಚ್ಚಾಗಿ ಕೆಂಪಿನಿಂದ ಶುರು ಮಾಡುತ್ತವೆ. ಬಣ್ಣದಿಂದಲೇ ದರ್ಜೆ ಹೇಳುವ ಕೆಲಸದಲ್ಲಿ ಇದು ಅದಲು ಬದಲಾದರೆ ಫಲಿತಾಂಶ ಪೂರ್ತಿ ಕೆಡುತ್ತದೆ.

ಎಲ್‌ಇಡಿ ದೀಪದ ಕೆಳಗೆ ಚಿತ್ರದಲ್ಲಿ ಅಡ್ಡ ಪಟ್ಟಿಗಳು ಬರುತ್ತಿದ್ದರೆ ಅದು ಕರೆಂಟ್‌ನಿಂದ. ನಮ್ಮ ಕರೆಂಟ್ 50 ಹರ್ಟ್ಜ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕ್ಯಾಮೆರಾ ಶಟರ್ ಅನ್ನು 1/100 ಅಥವಾ 1/50 ಸೆಕೆಂಡಿಗೆ ಇಟ್ಟರೆ ಪಟ್ಟಿ ಹೋಗುತ್ತದೆ. ಟೇಬಲ್ ಬದಲು ಅಡಿಕೆ ಸಾಗಿಸುವ ಬೆಲ್ಟ್ ಇದ್ದರೆ, ಅದು ಓಡುವಾಗ ಅಷ್ಟು ನಿಧಾನದ ಶಟರ್ ಚಿತ್ರವನ್ನು ಮಸುಕು ಮಾಡುತ್ತದೆ. ಅಲ್ಲಿ ಡಿಸಿಯಲ್ಲಿ ಉರಿಯುವ, ಮಿನುಗದ ದೀಪವೇ ಬೇಕು.

ಅಂಕ ಕಡಿಮೆ, ಕಣ್ಣಿಗೆ ಸರಿ

ಚೌಕಗಳು ಚೆನ್ನಾಗೇ ಕೂತ ಹಾಗೆ ಕಾಣುತ್ತವೆ, ಆದರೆ ಪರೀಕ್ಷೆಯ ಅಂಕ ತೀರಾ ಕೆಳಗಿದೆ. ಇಲ್ಲಿ ಮತ್ತೆ ಐಒಯು ಲೆಕ್ಕವೇ ಕಾರಣ. 200 ಪಿಕ್ಸೆಲ್‌ನ ಚೌಕ ಬಲಕ್ಕೆ 5, ಕೆಳಕ್ಕೆ 5 ಸರಿದರೆ ಐಒಯು 0.9ರ ಮೇಲೇ ಉಳಿಯುತ್ತದೆ. 20 ಪಿಕ್ಸೆಲ್‌ನ ಚೌಕ ಅಷ್ಟೇ ಸರಿದರೆ 0.39ಕ್ಕೆ ಇಳಿಯುತ್ತದೆ. 0.5 ದಾಟಿದರೆ ಮಾತ್ರ ಸರಿ ಅನ್ನುವ ಪರೀಕ್ಷೆಯಲ್ಲಿ ಮೊದಲನೆಯದು ಪಾಸು, ಎರಡನೆಯದು ಫೇಲು. ಕೈಯಿಂದ ಗುರುತು ಹಾಕುವವರೇ ಎರಡು-ಮೂರು ಪಿಕ್ಸೆಲ್ ಆಚೀಚೆ ಹಾಕುತ್ತಾರೆ. ಸಣ್ಣ ವಸ್ತುವಿಗೆ ಅಷ್ಟೇ ಸಾಕು ಅಂಕ ಬೀಳಲು. ನಿಮಗೆ ಬೇಕಿರುವುದು ಎಣಿಕೆ ಮತ್ತು ನಡುಬಿಂದು ಮಾತ್ರವಾದರೆ ನಡುಬಿಂದುಗಳ ದೂರವನ್ನೇ ಅಳೆಯಿರಿ. ನಿಮ್ಮ ಕೆಲಸಕ್ಕೆ ಅದೇ ಹೆಚ್ಚು ನಿಜ ಹೇಳುತ್ತದೆ.

ಇದಕ್ಕೆ ವಿರುದ್ಧವಾದ ದೋಷವೂ ಇದೆ. ಪರೀಕ್ಷೆಯಲ್ಲಿ ತುಂಬ ಒಳ್ಳೆಯ ಅಂಕ, ಬೇರೆ ಮನೆಯ ಅಂಗಳಕ್ಕೆ ಹೋದರೆ ಏನೂ ಸಿಗುವುದಿಲ್ಲ. ಒಂದೇ ವಿಡಿಯೋದ ಚಿತ್ರಗಳನ್ನು ಕಲಸಿ, ಕೆಲವನ್ನು ತರಬೇತಿಗೆ, ಕೆಲವನ್ನು ಪರೀಕ್ಷೆಗೆ ಇಟ್ಟಾಗ ಹೀಗಾಗುತ್ತದೆ. ಪರೀಕ್ಷೆಗೆ ಬೇರೆ ಮನೆಯ, ಬೇರೆ ದಿನದ ಚಿತ್ರವೇ ಇರಬೇಕು.

ಪರದೆಯಲ್ಲಿ ಸರಿ, ಬೆಲ್ಟ್ ಮೇಲೆ ತಪ್ಪು

ಚೌಕಗಳು ಪರದೆಯಲ್ಲಿ ಅಡಿಕೆ ಮೇಲೇ ಇವೆ. ಆದರೆ ಗಾಳಿ ಊದಿ ಕೋಕಾವನ್ನು ಹೊರಗೆ ತಳ್ಳುವ ನಳಿಕೆ ಪಕ್ಕದ ಚಾಲಿಯನ್ನು ತಳ್ಳುತ್ತಿದೆ. ಎರಡು ಅನುಮಾನಗಳಿವೆ. ಒಂದು ಸಮಯ, ಇನ್ನೊಂದು ಅಳತೆ. ಬೇರೆ ಮಾಡಿ ತಿಳಿಯಲು ಬೆಲ್ಟ್ ವೇಗ ಅರ್ಧ ಮಾಡಿ. ತಪ್ಪುವ ದೂರವೂ ಅರ್ಧವಾದರೆ ದೋಷ ಸಮಯದ್ದು. ಬೆಲ್ಟ್ ನಿಂತಿದ್ದಾಗಲೂ ಅಷ್ಟೇ ತಪ್ಪುತ್ತಿದ್ದರೆ ಅಳತೆಯದ್ದು.

ಸಮಯದ ಲೆಕ್ಕ ಹೀಗೆ. ಬೆಲ್ಟ್ ಸೆಕೆಂಡಿಗೆ 30 ಸೆಂಟಿಮೀಟರ್ ಓಡುತ್ತಿದ್ದು, ಚಿತ್ರ ತೆಗೆದು ಉತ್ತರ ಬರಲು ಸೆಕೆಂಡಿನ ಹತ್ತನೇ ಒಂದು ಪಾಲು ಹಿಡಿದರೆ, ಅಡಿಕೆ ಅಷ್ಟರಲ್ಲಿ 3 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಹೆಚ್ಚುಕಡಿಮೆ ಒಂದು ಅಡಿಕೆಯಷ್ಟು. ಉತ್ತರ ಬಂದ ಹೊತ್ತಿನಿಂದ ಲೆಕ್ಕ ಹಾಕಬೇಡಿ, ಚಿತ್ರ ತೆಗೆದ ಹೊತ್ತನ್ನು ಪ್ರತಿ ಚಿತ್ರದ ಜೊತೆ ಬರೆದಿಟ್ಟು ಅದರಿಂದ ಹಾಕಿ. ನೆಟ್‌ವರ್ಕ್ ಕ್ಯಾಮೆರಾ ಆದರೆ ಇನ್ನೂ ಒಂದು ತೊಡಕು ಇದೆ. ಪ್ರೋಗ್ರಾಮ್ ನಿಧಾನವಾದರೆ ಚಿತ್ರಗಳು ಸಾಲಿನಲ್ಲಿ ಕಾಯುತ್ತವೆ. ನೀವು ಈಗಿನದ್ದು ಅಂತ ನೋಡುವ ಚಿತ್ರ ಆಗಲೇ ಹಳೆಯದಾಗಿರುತ್ತದೆ. ಓಡಿದಷ್ಟೂ ತಪ್ಪು ಹೆಚ್ಚುತ್ತಾ ಹೋದರೆ, ಮರುಚಾಲೂ ಮಾಡಿದ ಕೂಡಲೇ ಸರಿಯಾದರೆ, ಅದು ಈ ಸಾಲಿನ ದೋಷವೇ. ಹಳೆಯ ಚಿತ್ರಗಳನ್ನು ಬಿಟ್ಟು ಕೊನೆಯದನ್ನು ಮಾತ್ರ ಎತ್ತಿಕೊಳ್ಳುವ ಹಾಗೆ ಮಾಡಿ.

ಅಳತೆಯ ದೋಷವಾದರೆ, ಬೆಲ್ಟ್ ಮೇಲೆ ದೂರ ಗೊತ್ತಿರುವ ನಾಲ್ಕು ಗುರುತು ಹಾಕಿ ಪಿಕ್ಸೆಲ್‌ನಿಂದ ಮಿಲಿಮೀಟರ್‌ಗೆ ಹೋಗುವ ಲೆಕ್ಕವನ್ನು ಹೊಸದಾಗಿ ಮಾಡಿ. ಅಷ್ಟಾದರೂ ಅಂಚಿನಲ್ಲಿ ಮಾತ್ರ ತಪ್ಪುತ್ತಿದ್ದರೆ ಅಡಿಕೆಯ ದಪ್ಪ ನೆನಪು ಮಾಡಿಕೊಳ್ಳಿ. ಗುರುತು ಹಾಕಿದ್ದು ಬೆಲ್ಟ್ ಮೇಲೆ, ಕ್ಯಾಮೆರಾ ನೋಡುವುದು ಅಡಿಕೆಯ ಮೈಯನ್ನು. ಕ್ಯಾಮೆರಾ 60 ಸೆಂಟಿಮೀಟರ್ ಮೇಲಿದ್ದು, ಅಡಿಕೆ ನಡುವಿನಿಂದ 30 ಸೆಂಟಿಮೀಟರ್ ದೂರದಲ್ಲಿದ್ದರೆ, ಬೆಲ್ಟ್‌ಗಿಂತ ಒಂದೂವರೆ ಸೆಂಟಿಮೀಟರ್ ಎತ್ತರದ ಬಿಂದು ಸುಮಾರು 8 ಮಿಲಿಮೀಟರ್ ಹೊರಗೆ ಸರಿದು ಕಾಣುತ್ತದೆ. ನಾಲ್ಕು ಗುರುತುಗಳನ್ನು ಅಡಿಕೆಯ ಅರ್ಧ ಎತ್ತರದ ಹಲಗೆ ಚೂರಿನ ಮೇಲೆ ಇಟ್ಟು ಅಳತೆ ತೆಗೆದುಕೊಂಡರೆ ಇದರ ಹೆಚ್ಚಿನ ಪಾಲು ಹೋಗುತ್ತದೆ. ಕ್ಯಾಮೆರಾವನ್ನು ಇನ್ನಷ್ಟು ಮೇಲೆ ಏರಿಸಿದರೂ ಕಡಿಮೆಯಾಗುತ್ತದೆ. ಆದರೆ ಆಗ ಅಡಿಕೆ ಚಿತ್ರದಲ್ಲಿ ಚಿಕ್ಕದಾಗುವುದರಿಂದ, ಕುಗ್ಗಿದ ಮೇಲೆ ಒಂದು ಅಡಿಕೆಗೆ ಎಷ್ಟು ಪಿಕ್ಸೆಲ್ ಉಳಿಯಿತು ಅಂತ ಮತ್ತೊಮ್ಮೆ ಎಣಿಸಿ.